ನಾನೂರ ಹದಿನೇಳನೇ ಚೀಟಿ

ಜುಫೈರ್‌ನ ಹಿಂಬದಿ ಗಲ್ಲಿಯಲ್ಲಿ ನಮ್ಮ ಲಾಂಡ್ರಿ.
ಎಡಕ್ಕೆ ಕೋಲ್ಡ್‌ಸ್ಟೋರು, ಬಲಕ್ಕೆ ಸಲೂನು,
ಎರಡು ಫರ್ಲಾಂಗು ನಡೆದರೆ
ಯಾರದೋ ದೇಶದ ನೌಕಾಪಡೆಯ ಗೋಡೆ.
ಗೋಡೆಯಾಚೆ ಏನಿದೆಯೋ ನಾನು ನೋಡಿಲ್ಲ,
ಅಲ್ಲಿಂದ ಬರುವ ಬೆವರು ಮಾತ್ರ ಗೊತ್ತು.
ಅರಬರ ತೋಬಿನದೂ ಅವರ ಅಂಗಿಯದೂ
ಕಾಲರಿನಲ್ಲಿ ಒಂದೇ ಹಳದಿ.

ಹನ್ನೊಂದು ವರ್ಷದಲ್ಲಿ ಮೂರು ಇಸ್ತ್ರಿಪೆಟ್ಟಿಗೆ ಸುಟ್ಟುಹೋದವು.
ಯುದ್ಧಗಳ ಲೆಕ್ಕ ಇಟ್ಟಿಲ್ಲ.

ಕಳೆದ ತಿಂಗಳು, ರಾತ್ರಿ ಒಂದೂವರೆಗೆ,
ಕೋಣೆಯ ಆರೂ ಫೋನು ಒಟ್ಟಿಗೆ ಕಿರುಚಿದವು.
ಹತ್ತಿರದ ಸುರಕ್ಷಿತ ಸ್ಥಳಕ್ಕೆ ಹೋಗಿ ಎಂದು ಬರೆದಿತ್ತು.
ಸಿಲ್ಹೆಟ್ಟಿನ ಶಹಜಾಲಾಲ್ ಎದ್ದು ಕೂತು ಕೇಳಿದ,
"ಭಾಯ್, ಹತ್ತಿರ ಅಂದರೆ ಯಾವುದು?"
ಮೇಲಿನ ಮಂಚದವ ಕೆಳಗಿನ ಮಂಚಕ್ಕೆ ಇಳಿದ.
ಅಷ್ಟೇ ನಮ್ಮಿಂದ ಆದದ್ದು.
ಪೇಶಾವರದ ಗುಲ್‌ಜಮಾನ್ ಚಹಕ್ಕೆ ನೀರಿಟ್ಟ.
ಅವನ ದೇಶಕ್ಕೂ ನನ್ನ ದೇಶಕ್ಕೂ ಈಗ ಮಾತಿಲ್ಲ,
ಸಕ್ಕರೆ ಡಬ್ಬಿ ಮಾತ್ರ ಒಂದೇ.

ಬೆಳಿಗ್ಗೆ ಬೈಂದೂರಿನಿಂದ ಸುಗಂಧಿ:
"ಅಲ್ಲ್ ಭಾರಿ ಗಲಾಟಿ ಅಂಬ್ರಲೆ, ಹೌದಾ?"
ಎಂತದೂ ಇಲ್ಲ ಮಾರಾಯ್ತಿ, ಟೊಮೆಟೊಗೆ ರೇಟು ಹೆಚ್ಚಿದೆ ಅಷ್ಟೆ ಅಂದೆ.
ಅವಳ ಬೆನ್ನ ಹಿಂದೆ ಟಿ.ವಿ. ಬೊಬ್ಬೆ ಹೊಡೆಯುತ್ತಿತ್ತು,
ಇಲ್ಲಿಯ ಸೈರನ್ನಿಗಿಂತ ಜೋರಾಗಿ.
ಟೈ ಕಟ್ಟಿದವನೊಬ್ಬ ನಾನು ನಿಂತ ನೆಲವನ್ನು
ಕೆಂಪು ಬಾಣ ಎಳೆದು ತೋರಿಸುತ್ತಿದ್ದನಂತೆ.
"ನಿಮ್ ಅಂಗ್ಡಿ ಕಾಣ್ತಿಲ್ಲೆ" ಅಂದಳು.

ಅದೇ ಮಧ್ಯಾಹ್ನ ನಾನೂರ ಹದಿನೇಳನೇ ಚೀಟಿಯ ಬಟ್ಟೆ ತೆಗೆದೆ.
ಎದೆಯ ಮೇಲೆ ಹೊಲಿದ ಹೆಸರು,
ಅಕ್ಷರ ಕೂಡಿಸಿ ಓದಿದೆ: ಹಾಲ್ವರ್ಸನ್.
ಕಿಸೆ ತಡವದೆ ನೀರಿಗೆ ಹಾಕಿದ್ದು ನನ್ನದೇ ತಪ್ಪು.
ಒಳಗೊಂದು ಮೇಣದ ಬತ್ತಿ,
ಏಳು ಅಂಕಿಯ ಆಕಾರದ್ದು, ಕೇಕಿಗೆ ಚುಚ್ಚುವಂಥದ್ದು,
ಡ್ರೈಯರಿನಲ್ಲಿ ಕರಗಿ
ಎಡಗಿಸೆಯ ತುಂಬ ಗುಲಾಬಿ ಕಲೆ.

ಮೇಣ ತೆಗೆಯಲು ಪೇಪರು ಹಾಸಿ
ಮೇಲಿಂದ ಬಿಸಿ ಇಸ್ತ್ರಿ ಒತ್ತಬೇಕು.
ಹಾಸಿದೆ. ಅಂದಿನದೇ ಪೇಪರು.
ಅರಬಿ ಬಾರದು, ಚಿತ್ರ ಓದುತ್ತೇನೆ:
ಯಾವುದೋ ಊರಿನ ಮೇಲೆ ಹೊಗೆಯ ಕಂಬ.
ಮೇಣ ಕುಡಿಯುತ್ತ ಕುಡಿಯುತ್ತ ಕಾಗದ ಗಾಜಾಯಿತು.
ಹೊಗೆಯೊಳಗಿಂದ ಹಿಂದಿನ ಪುಟ
ಎಡಬಲ ಮಗುಚಿ ಎದ್ದು ಬಂತು,
ಅರ್ಧ ಬೆಲೆಗೆ ಕೋಳಿ, ನಗುವ ಹುಡುಗಿ.
ಮೂರು ಸಲ ಪುಟ ಬದಲಿಸಿದೆ.
ಗುಲಾಬಿ ಪೂರ್ತಿ ಹೋಗಲಿಲ್ಲ.

ನಮ್ಮ ಕಸುಬಿಗೆಲ್ಲ ಒಂದೇ ಮಾತು, ಮಡಿ.
ಒಗೆದದ್ದು ಮಡಿ. ಅಂಚಿಗೆ ಅಂಚು ಕೂಡಿಸಿದರೂ ಮಡಿ.
ಊರಿನ ಪೇಪರಿನವರೂ ಯುದ್ಧ ಬಂದಾಗ
ಅದನ್ನೇ ಕಡ ತರುತ್ತಾರೆ:
ಇಷ್ಟು ಮಂದಿ ಮಡಿದರು.
ಹಾಗೆ ಬರೆದರೆ ನೀಟಾಗಿ ಕಾಣುತ್ತದೆ,
ಗೆರೆ ಕೂರಿಸಿ ಕಪಾಟಿನಲ್ಲಿ ಇಟ್ಟ ಹಾಗೆ.

ಹಾಲ್ವರ್ಸನ್ ಬರಲಿಲ್ಲ.
ಹಡಗು ರಾತ್ರೋರಾತ್ರಿ ಹೋಯಿತಂತೆ,
ಎಲ್ಲಿಗೆಂದು ಸಲೂನಿನವನಿಗೇ ಗೊತ್ತಿಲ್ಲ,
ಅಂದಮೇಲೆ ಈ ಗಲ್ಲಿಯಲ್ಲಿ ಯಾರಿಗೂ ಗೊತ್ತಿಲ್ಲ.
ಅವನಿಗಾಗಿ ಬೇಸರವೇ ಎಂದರೆ
ಹೌದು ಅನ್ನಲು ನಾಲಿಗೆ ಏಳುವುದಿಲ್ಲ.
ಈ ನೀರಿನ ಆಚೆ ದಡದಲ್ಲೂ
ಏಳು ತುಂಬುವ ಮಕ್ಕಳಿದ್ದಾರೆ.
ಅವನ ಅಂಗಿಗೆ ಗಂಜಿ ಹಾಕಿ
ಹೆಗಲು ಸೆಟೆದು ನಿಲ್ಲುವಂತೆ ಮಾಡಿದವ ನಾನು,
ಇನ್ನೂರು ಫಿಲ್ಸಿಗೆ.

ಗಲ್ಲಾದ ಮೇಲೆ ಅಬು ಜಾಸಿಮ್ ಬರೆಸಿದ ಬೋರ್ಡಿದೆ:
ಮೂವತ್ತು ದಿನದೊಳಗೆ ಒಯ್ಯದ ಬಟ್ಟೆಗೆ
ನಾವು ಜವಾಬ್ದಾರರಲ್ಲ.
ಇಂಥದೊಂದು ಬೋರ್ಡು
ದೊಡ್ಡ ದೊಡ್ಡ ಆಫೀಸುಗಳಲ್ಲೂ ಇರಬೇಕು,
ದಿನದ ಲೆಕ್ಕ ಇನ್ನೂ ಕಮ್ಮಿ ಇದ್ದೀತು.

ಇವತ್ತು ಮೂವತ್ತನಾಲ್ಕು.
ಅಂಗಿಯ ಹೆಗಲ ಮೇಲೆ ಧೂಳು ಕೂತಿತ್ತು,
ಹ್ಯಾಂಗರಿನಿಂದ ಇಳಿಸಿದೆ.
"ದುಡ್ಡು ಯಾರು ಕೊಡ್ತಾರೆ?" ಶಹಜಾಲಾಲ್ ಕೇಳಿದ.
ಬಾಕಿ ಅಂತ ಬರಿ ಅಂದೆ,
ಮತ್ತೊಮ್ಮೆ ನೀರಿಗೆ ಹಾಕಿದೆ.
ಈ ಸಲ ಕಿಸೆ ತಡವಿ.