ಖಾಲಿ ತೂಕ

ಬೇಡ, ಅಂದ ಅಣ್ಣ ಒಂದು ಮಂಗಳವಾರ.
ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಮಂಚದ ಕೆಳಗೆ ಮೂರು ಮೀನಿನ ಕ್ರೇಟು,
ಒಳಗೆ ಅರವತ್ತೆರಡು ಲಾರಿ.

ಅವರ್ಸೆಯ ಆಚೆ, ಹೆದ್ದಾರಿ ಬದಿಯ ವೇಬ್ರಿಜ್ಜಿನಲ್ಲಿ
ಬೊಮ್ಮಯ್ಯಣ್ಣ ಹತ್ತೊಂಬತ್ತು ವರ್ಷ ಲಾರಿ ತೂಗಿದ.
ಬರುವಾಗ ತುಂಬಿದ ತೂಕ, ಹೋಗುವಾಗ ಖಾಲಿ ತೂಕ,
ಕಳೆದು ಉಳಿದದ್ದಕ್ಕೆ ರಸೀದಿ.
ಅದಿರಿನ ಧೂಳು ಕೂತ ಹುಬ್ಬಲ್ಲಿ ಮನೆಗೆ ಬರುತ್ತಿದ್ದ
ಕುಂಕುಮದ ಅಂಗಡಿಯವನ ಹಾಗೆ.
ರಾತ್ರಿಪಾಳಿಯಲ್ಲಿ ಗಾಡಿ ಇಲ್ಲದ ಹೊತ್ತು
ಪ್ಯಾಕಿಂಗ್ ಹಲಗೆ, ಹರಿದ ಹವಾಯಿ ಚಪ್ಪಲಿ, ಬ್ಲೇಡು, ಅಂಟು.
ಚಪ್ಪಲಿ ಕೊರೆದು ಗಾಲಿ.
ಹತ್ತು ಗಾಲಿಯ ಗಾಡಿಗೆ ಹತ್ತೇ.
ಹಿಂಬದಿಗೆ ‘ಹಾರ್ನ್ ಹೊಡೆಯಿರಿ’,
ನುಚ್ಚಕ್ಕಿಯಷ್ಟು ಅಕ್ಷರ.
ತಲೆಕೆಳಗು ಮಾಡಿದರೆ ಹೊಟ್ಟೆಯಡಿ, ಪೆನ್ಸಿಲಿನಲ್ಲಿ,
ಆ ಲಾರಿಯ ಖಾಲಿ ತೂಕ. ನಿಜದ್ದು.

ಆಮೇಲೆ ಲಾರಿ ಬರುವುದು ನಿಂತಿತು.
ತೂಗುವ ಕಬ್ಬಿಣದ ಹಾಸಿನ ಮೇಲೆ ಯಾರೋ ಸಿಗಡಿ ಒಣಗಿಸಿದರು.

ಮೊದಲು ಅಂಗನವಾಡಿಗೆ ಹೊತ್ತೆ.
ರುಕ್ಮಾ ಬಾಯೋರು ಒಂದನ್ನು ಎಳೆದು ನೋಡಿ
ಗಾಲಿ ಕಿತ್ತು ನುಂಗ್ತಾವೆ ಮಾರಾಯ್ತಿ, ಅಂದರು.
ಹೈಸ್ಕೂಲಿನ ಹೆಡ್‌ಮಾಸ್ತರು ಗಾಜಿನ ಕಪಾಟಿನ ಕೀಲಿ ಹುಡುಕಿದರು;
ಸಂಜೆಯವರೆಗೂ ಹುಡುಕಿದರು.
ಕಾರವಾರದ ಹೋಟೆಲಿನವನಿಗೆ ಹಳದಿಯವು ಮಾತ್ರ ಬೇಕಂತೆ,
ಗೋಡೆಯ ಬಣ್ಣಕ್ಕೆ ಹೊಂದಲು, ಹನ್ನೆರಡು.
ಬಸ್ಸಿನಲ್ಲಿ ಮರಳಿ ತಂದೆ.
ಕ್ರೇಟಿಗೂ ಟಿಕೇಟು ಹರಿದ ಕಂಡಕ್ಟರು.
ಲಾರಿಗಳು ಬಸ್ಸಿನಲ್ಲಿ ಹೋಗುವುದು
ಅವನಿಗೆ ನಗು ತರಿಸಲಿಲ್ಲ.

ಗುಜರಿಯ ಇಬ್ರಾಹಿಂ ಸಾಬರು ಒಳ್ಳೆಯವರು.
ತಕ್ಕಡಿಗಿಟ್ಟರು: ಹನ್ನೊಂದು ಕಿಲೋ ಇನ್ನೂರು ಗ್ರಾಂ.
ಮರ ನಾ ಕೊಳ್ಳೂದಿಲ್ಲ ತಂಗಿ,
ಬಚ್ಚಲೊಲೆಗೆ ಆದೀತು, ಅಂದು ಚಾ ತರಿಸಿದರು.
ಹೊಟ್ಟೆಯಡಿಯ ಪೆನ್ಸಿಲು ಕೂಡಿಸಿದರೆ
ಆರುನೂರು ಟನ್ನಿನ ಮೇಲೆ.
ನಾನು ಚಾ ಕುಡಿದು ಎದ್ದೆ.

ಬಾಳೆಗುಳಿ ಕ್ರಾಸಿನಲ್ಲಿ, ಹುಬ್ಬಳ್ಳಿ ರಸ್ತೆ ತಿರುಗುವಲ್ಲಿ,
ಬಸ್ಸಿಗೆ ಕಾಯುತ್ತ ಹೋಟೆಲಿನ ಬೆಂಚಿನ ಮೇಲೆ ಕ್ರೇಟು ಇಟ್ಟಿದ್ದೆ.
ಮಿಸಳ್ ತಿನ್ನುತ್ತಿದ್ದ ಡ್ರೈವರ್, ನಾಮಕ್ಕಲ್ ಕಡೆಯವ,
ಕೈ ಒರೆಸಿಕೊಂಡು ಒಂದನ್ನು ಎತ್ತಿದ.
ಆಟಿಕೆ ನೋಡುವ ಹಾಗೆ ನೋಡಲಿಲ್ಲ.
ಬಗ್ಗಿ ಆಕ್ಸೆಲ್ ನೋಡಿದ.
ಹಿಂದಿನ ಟಯರು ಜೋಡಿಯೋ ಅಂತ ಉಗುರು ತೂರಿಸಿದ.
ಅಡಿಯ ಅಂಕಿ ಓದಿ, ತನ್ನ ಗಾಡಿಯನ್ನೊಮ್ಮೆ ತಿರುಗಿ ನೋಡಿ
ಸರಿ, ಅಂದ.
ಆ ಮಾತು ಅವನ ಭಾಷೆಯದೋ ನಮ್ಮದೋ ತಿಳಿಯಲಿಲ್ಲ.
ಎಷ್ಟು ಅಂತ ಬೆರಳಲ್ಲೇ ಕೇಳಿದ.
ತಲೆ ಅಲ್ಲಾಡಿಸಿದೆ.
ಡ್ಯಾಶ್‌ಬೋರ್ಡಿನ ಮೇಲೆ, ಮುರುಗನ ಪಕ್ಕ,
ಟೇಪು ಹಚ್ಚಿ ಕೂರಿಸಿ
ಘಟ್ಟದ ಕಡೆ ತಿರುಗಿಸಿದ.

ಮರುದಿನವೂ ಹೋದೆ. ಅದರ ಮರುದಿನವೂ.
ಹೊಸಪೇಟೆಯವನೊಬ್ಬ ಎರಡು ಕೇಳಿದ; ಒಂದೇ ಕೊಟ್ಟೆ.
ಒಬ್ಬ ಕ್ಲೀನರ್ ಹುಡುಗ ಅಂಗಿಯೊಳಗೆ ಸೇರಿಸಿಕೊಂಡ,
ಉಬ್ಬಿದ ಹೊಟ್ಟೆ ಹೊತ್ತು ಏಣಿ ಹತ್ತಿದ.
ಸಿಂಧನೂರಿನ ಅಕ್ಕಿ ಲಾರಿಯವ ಬದಲಿಗೆ
ಒಂದು ಸೇರು ಅಕ್ಕಿ ಸುರಿದು ಹೋದ, ಬೇಡವೆಂದರೂ.
ಒಬ್ಬ ಮುಟ್ಟಲಿಲ್ಲ.
ಅರಬೈಲಿನ ತಿರುವಿನಲ್ಲಿ ನಂದು ಉರುಳಿದ್ದು ಇದೇ ಬಣ್ಣ, ಅಂದ.
ಆದರೂ ಹೊರಡುವ ಮುನ್ನ
ಇನ್ನೊಂದು ಬಣ್ಣದ್ದು ಇದೆಯಾ ಅಂತ ಹಿಂದೆ ಬಂದ.

ಮೀನುಗಾರಿಕೆ ನಿಲ್ಲಿಸುವ ಹೊತ್ತಿಗೆ ಕ್ರೇಟು ಖಾಲಿ.
ಅಣ್ಣ ಜಗಲಿಯಲ್ಲಿ ಯಾರದೋ ಬಲೆ ಹೊಲಿಯುತ್ತಿದ್ದ.
ತಲೆ ಎತ್ತದೆ ಕೇಳಿದ:
ರಸೀದಿ ಕೊಟ್ಟೆಯೇನೆ?

ವಹಿ ಕೊಟ್ಟೆ.
ಗಾಡಿ ನಂಬರು, ತಾರೀಕು, ಹೋಗುವ ಊರು,
ನನ್ನ ಸೊಟ್ಟ ಅಕ್ಷರದಲ್ಲಿ.
ಕನ್ನಡಕ ತರಿಸಿದ. ಬೆರಳಿಟ್ಟುಕೊಂಡು ಇಳಿದ,
ಎಂಜಲು ಹಚ್ಚಿ ಪುಟ ತಿರುವಿದ.
ಬಿಜಾಪುರಕ್ಕೆ ಒತ್ತು ಬಿಟ್ಟಿದ್ದೆ ಅಂತ ತಿದ್ದಿದ, ತಪ್ಪಾಗಿ.
ಅರವತ್ತೊಂದು, ಅಂದ.
ಒಂದು ಕಡಿಮೆ ಬರ್ತದೆ.

ಸಾರು ಕುದಿಯುತ್ತಿದೆ ಅಂತ ನಾನು ಒಳಗೆ ಬಂದೆ.
ಅಕ್ಕಿ ಡಬ್ಬಿಯ ಹಿಂದೆ ಅದು ನಿಂತಿದೆ,
ನೀಲಿ, ಆರು ಗಾಲಿ, ಕನ್ನಡಿ ಮುರಿದದ್ದು.
ಅದರ ಹೊಟ್ಟೆಯಡಿ ಅವನು
ಅಂಕಿ ಬರೆಯಲು ಮರೆತಿದ್ದಾನೆ.
ಹೊರಗೆ ಮತ್ತೆ ಮೊದಲಿಂದ
ಎಣಿಸುತ್ತಿದ್ದಾನೆ.