ಉತ್ಪನ್ನವನ್ನು ಊಹಿಸಿ

ಏಳನೇ ಪ್ರಶ್ನೆಗೆ ಬಂದು ಪೆನ್ನು ನಿಂತಿತು.
ಕಾಗದ ಬಂದದ್ದು ಮಲಯಾಳದಲ್ಲಿ. ಬೆಳಗಾಗುವುದರೊಳಗೆ
ಕನ್ನಡ ಡಿವಿಜನಿನ ಇಪ್ಪತ್ತಮೂರು ಮಕ್ಕಳಿಗೆ
ನಾನದನ್ನು ಕನ್ನಡಕ್ಕೆ ಇಳಿಸಿ, ಉಪ್ಪಳ ಪೇಟೆಯಲ್ಲಿ
ಜೆರಾಕ್ಸಿನವನು ಶಟರ್ ಎತ್ತುವ ಹೊತ್ತಿಗೆ ಕಾದಿರಬೇಕು.
ಆ ಮಕ್ಕಳ ಮನೆಮಾತು ತುಳು, ಉರ್ದು, ಮರಾಟಿ;
ಓದಿಗಷ್ಟೇ ಕನ್ನಡ.

'ಪ್ರವಚಿಕ್ಕುಕ' ಎಂದಿದೆ ಅಲ್ಲಿ.
ಪ್ರವಚನವೆಂದರೆ ನಮ್ಮಲ್ಲಿ ಪೆಂಡಾಲು, ಮೈಕು,
ಎದುರು ಸಾಲಿನಲ್ಲಿ ತೂಕಡಿಸುವ ಅಜ್ಜಂದಿರು.
ಭವಿಷ್ಯ ಹೇಳಿ ಎಂದರೆ ಕವಡೆ ಬೇಕು.
ಮುನ್ಸೂಚನೆ ರೇಡಿಯೋದವರದ್ದು,
ಅದರ ಹಣೆಬರಹವನ್ನು ಮೂಸೋಡಿಯ ದೋಣಿಗಳೇ ಹೇಳಲಿ.
ಗಂಟೆ ಒಂದಾಯಿತು. ಮಂಗಳೂರಿನ ಗಾಡಿ ಗೇಟು ದಾಟಿತು.
ಊಹಿಸಿ, ಎಂದು ಬರೆದೆ. ಮಲಗಿದೆ.

ಕಲಿಸುವಾಗ ಊಹೆಗೆ ಜಾಗವನ್ನೇ ಕೊಟ್ಟವಳಲ್ಲ ನಾನು.
ಎರಡು ಕಾರ್ಬನ್, ನಡುವೆ ಎರಡು ಗೆರೆ;
ಒಂದು ಗೆರೆ ಬಿಚ್ಚುತ್ತದೆ, ಬಂದವರಿಬ್ಬರು ಇಬ್ಬರ ಕೈ ಹಿಡಿಯುತ್ತಾರೆ.
ಯಾರಿಗೆ ಯಾರು?
ಹೈಡ್ರೋಜನ್ ಜಾಸ್ತಿ ಇದ್ದವನಿಗೇ ಹೈಡ್ರೋಜನ್,
ಉಂಡವನ ಎಲೆಗೇ ಇನ್ನೊಂದು ಸೌಟು.
"ನಮ್ಮ ರೇಷನ್ ಅಂಗಡಿಯಲ್ಲೂ ಅದೇ ನಿಯಮ ಟೀಚರ್"
ಎಂದಳು ಸಫ್ರೀನಾ. ಕ್ಲಾಸು ನಕ್ಕಿತು, ನಿಯಮ ಉಳಿಯಿತು.

ಲ್ಯಾಬಿನಲ್ಲಿ ಬ್ರೋಮಿನ್ ನೀರು, ಹಾಲು ಹಾಕದ ಚಾಯದ ಬಣ್ಣ.
ತೆಂಗಿನೆಣ್ಣೆ ನಾಲ್ಕು ಹನಿ ಬಿಟ್ಟರೂ ಅದು ಜಪ್ಪಯ್ಯ ಅನ್ನಲಿಲ್ಲ.
ಆಗ ಹಿಂದಿನ ಬೆಂಚಿನ ಲತೇಶ ಚೀಲದಿಂದ ತೆಗೆದ
ಕೆಮ್ಮಿನ ಔಷಧದ ಹಳೇ ಸೀಸೆ: ಬೂತಾಯಿ ಎಣ್ಣೆ,
ಅವನಪ್ಪ ದೋಣಿಯ ಹಲಗೆಗೆ ಬಳಿಯುವಂಥದ್ದು.
ಮೂರೇ ಹನಿ. ಕುಲುಕಿದ. ಬಣ್ಣ ಎಲ್ಲಿ ಹೋಯಿತೋ!
ನಾತ ಮಾತ್ರ ನಾಲ್ಕು ದಿನ ಇತ್ತು,
ಪ್ರಿನ್ಸಿಪಾಲರು ಎರಡು ಸಲ ಬಂದು ಮೂಗು ಮುಚ್ಚಿ ಹೋದರು.

ಈಗ ಉತ್ತರ ಪತ್ರಿಕೆಗಳು.
ಏಳನೇ ಪ್ರಶ್ನೆ: ಮೂರು-ಮೀಥೈಲ್ ಬ್ಯೂಟ್-ಒಂದು-ಈನ್,
ಮೇಲಿಂದ ಹೈಡ್ರೋಜನ್ ಕ್ಲೋರೈಡ್.
ಇಪ್ಪತ್ತೆರಡು ಮಂದಿ ಕ್ಲೋರಿನನ್ನು ಎರಡನೇ ಕಾರ್ಬನ್ನಿಗೆ ಕಟ್ಟಿದ್ದಾರೆ.
ಕೀಲಿಯಲ್ಲೂ ಅದೇ. ಕೆಂಪು ಪೆನ್ನು ಸರಸರ ಓಡುತ್ತಿತ್ತು.
ಲತೇಶನದ್ದು ಮೂರನೆಯದರ ಮೇಲೆ.
ತಪ್ಪು ಹಾಕಿ ಪುಟ ಮಗುಚಿದೆ. ಹಿಂಬದಿಯಲ್ಲಿ ಪೆನ್ಸಿಲಿನ
ಒಂದು ಬಾಣ: ಮೂರನೆಯವನ ಹೈಡ್ರೋಜನ್
ಇಲೆಕ್ಟ್ರಾನ್ ಜೋಡಿಯನ್ನೂ ಕಟ್ಟಿಕೊಂಡು ಪಕ್ಕದ ಮನೆಗೆ ಜಿಗಿದಿದೆ,
ಧನಾವೇಶ ಈಚೆಗೆ ಸರಿದಿದೆ, ಕ್ಲೋರಿನ್ ಅದರ ಬೆನ್ನಿಗೆ.
ಕೆಳಗೆ ಅವನದೇ ಕನ್ನಡ:

"ಟೀಚರ್, ಊಹಿಸಿ ಅಂತ ಉಂಟು, ಊಹಿಸಿದೆ.
ಎರಡನೆಯದಕ್ಕೆ ಆಸರೆ ಎರಡು ಕಡೆ, ಮೂರನೆಯದಕ್ಕೆ ಮೂರು ಕಡೆ.
ಒಂದು ಹೆಜ್ಜೆ ಹಿಂದೆ ಗಟ್ಟಿ ನೆಲ ಇದ್ದರೆ
ಇಲ್ಲೇ ಯಾಕೆ ನಿಲ್ಲಬೇಕು? ಕಡಲು ಬಂದಾಗ
ನಾವು ಎರಡು ಸಲ ಮನೆ ಹಿಂದೆ ಹಾಕಿದ್ದೇವೆ."

ಆ ಭಾಗವನ್ನು ನಾನು ಕಲಿಸಿಯೇ ಇಲ್ಲ.
ಪೋರ್ಶನ್ ಮುಗಿಯಬೇಕೆಂದು ನವೆಂಬರಿನಲ್ಲಿ ಹಾರಿಸಿದ್ದೆ.
ಮಂಗಳೂರಿನಲ್ಲಿ ಓದುವಾಗ ಕೊಂಡ ದಪ್ಪ ಪುಸ್ತಕವನ್ನು
ಅಟ್ಟದಿಂದ ಇಳಿಸಿ, ಇರುವೆ ಕೊಡವಿ, ನೋಡಿದೆ:
ನೂರರಲ್ಲಿ ಸುಮಾರು ಅರುವತ್ತು ಲತೇಶನದ್ದು,
ನಲುವತ್ತು ಕೀಲಿಯದ್ದು.

ಮರುದಿನ ಕರೆದು, ತಪ್ಪಿನ ಮೇಲೆ ಸರಿ ಎಳೆದು,
ಎರಡು ಅಂಕ ಸೇರಿಸಿ ಸಹಿ ಹಾಕಿದೆ.
ಉಳಿದವರ ಕಟ್ಟು ಮೇಜಿನ ಮೇಲೆ ಬಿಚ್ಚಿಕೊಂಡಿತ್ತು.
ಕಡಿಯಲೋ ಬೇಡವೋ ಎಂದು
ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದೆ.
ಅವನು ಬಾಗಿಲವರೆಗೆ ಹೋಗಿ ತಿರುಗಿದ.
"ಅವರದ್ದು ಇರಲಿ ಟೀಚರ್,
ಅದೂ ಸ್ವಲ್ಪ ಆಗ್ತದಲ್ಲ."