ಪೈ ಪೈ ಲೆಕ್ಕ

ಹೆಲೆನಾದಲ್ಲಿ ನಮ್ಮ ಪಕ್ಷದ ಕಚೇರಿಯೆಂದರೆ
ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನೆಲಮಾಳಿಗೆ.
ಮೇಲೆ ಕೊರೆಯುವ ಸದ್ದು; ಕೆಳಗೆ ನಾನು, ಖಜಾಂಚಿ,
ಚೆಕ್ಕುಗಳ ಬೆನ್ನಿಗೆ ಮುದ್ರೆ ಒತ್ತುತ್ತ.

ಹೆಸರು, ವಿಳಾಸ, ಕಸುಬು, ಮೊತ್ತ.
ಕಸುಬು: ನಿವೃತ್ತ. ನಿವೃತ್ತ. ವಕೀಲ. ನಿವೃತ್ತ.
‘ಸದ್ಯಕ್ಕೇನಿಲ್ಲ’ ಅಂತ ಬರೆದವನೊಬ್ಬ
ಹನ್ನೊಂದು ಡಾಲರ್ ಕಳಿಸಿದ್ದ. ಅಡಿಯಲ್ಲಿ ಸಣ್ಣಕ್ಷರ:
ಸೆನೆಟ್ಟು ನಮ್ಮದಾದರೆ ಇನ್ನೊಂದು ಹನ್ನೊಂದು.

ಆಗಸ್ಟಿನಲ್ಲಿ ಪೈ ಹರಾಜು, ಅಗ್ನಿಶಾಮಕದವರ ಶೆಡ್ಡಿನಲ್ಲಿ.
ಆರ್ಲೀನ್ ಬ್ರೆಕ್ಕೆಯ ರೂಬಾರ್ಬ್ ಪೈ, ಕೆಂಪು, ಹುಳಿ,
ಅಂಚಿಗೆ ಸುತ್ತಲೂ ಅವಳ ಹೆಬ್ಬೆರಳ ಗುರುತು,
ನಲವತ್ತರಿಂದ ಶುರುವಾಗಿ ನಾನೂರಕ್ಕೆ ಹೋಯಿತು.
ಕೂಗಿದವನು ವೆಂಡೆಲ್ ಪ್ರಾಟ್, ಕಲ್ಲಿದ್ದಲಿನವರ ಪರ ಓಡಾಡುವವ.
ಸಕ್ಕರೆ ಕಾಯಿಲೆ; ಬಾಯಿಗಿಡಲಿಲ್ಲ.
ತಟ್ಟೆ ಸಮೇತ ಕ್ಲೈಡ್ ಟಾರ್ವಿಕ್‌ನ ಕೈಗಿಟ್ಟ:
‘ನಮ್ಮ ಅಭ್ಯರ್ಥಿ ಒಂದಿಷ್ಟು ದಪ್ಪಗಾಗಲಿ.’
ಎಲ್ಲರೂ ನಕ್ಕರು. ನಾನೂ.

ಆ ದುಡ್ಡು ಬೇಲಿಗೆ ಹೊಡೆದ ಫಲಕವಾಯಿತು,
ರೇಡಿಯೋದಲ್ಲಿ ಗೋಧಿ ಧಾರಣೆ ಮುಗಿದ ಮೇಲೆ
ಹದಿನೈದು ಸೆಕೆಂಡಾಯಿತು,
ಕ್ಲೈಡನ ಪಿಕಪ್ಪಿಗೆ ಎರಡು ಟೈರೂ ಆಯಿತು. ರಸೀದಿ ಇದೆ.
ಹತ್ತೊಂಬತ್ತು ಓಟಿನಲ್ಲಿ ಗೆದ್ದ.
ಇಪ್ಪತ್ತಾರು, ಇಪ್ಪತ್ತನಾಲ್ಕು
ಎಂದು ಬಿಳಿ ಹಲಗೆಗೆ ಬರೆದು ಎರಡು ಗೆರೆ ಎಳೆದೆ.
ಹಲ್ಲಿನ ಡಾಕ್ಟರೂ ಇಳಿದು ಬಂದು ಕೈ ಕುಲುಕಿದರು,
ಗ್ಲವ್ಸು ಬಿಚ್ಚದೆ.

ಇನ್ನೊಂದು ಹನ್ನೊಂದು ಬಂತು, ಹೇಳಿದ ಹಾಗೆ.

ಜನವರಿ. ಪ್ರಮಾಣವಚನದ ಒಂಬತ್ತನೇ ದಿನ
ಕ್ಲೈಡ್ ನಡುದಾರಿ ದಾಟಿ ಆಚೆ ಸಾಲಿನಲ್ಲಿ ಕೂತ.
ಹದಿನಾಲ್ಕು ಹೆಜ್ಜೆ, ಯಾರೋ ಎಣಿಸಿದರಂತೆ.
ಇಪ್ಪತ್ತೈದು, ಇಪ್ಪತ್ತೈದು.
ಸಂಜೆಗೆ ಅವನು ಜಲಸಮಿತಿಯ ಅಧ್ಯಕ್ಷ.

ಫೋನು ಬಿಸಿಯಾಯಿತು.
‘ಕೊಟ್ಟವರು ಕೋಡಂಗಿಗಳಾ ನಾವು?’
ನಿಯಮ ಓದಿ ಹೇಳಿದೆ: ನೀವು ಕೊಟ್ಟದ್ದು ಪಕ್ಷಕ್ಕೆ,
ಮನುಷ್ಯನಿಗಲ್ಲ.
ಮೂವತ್ತು ಸಲ ಹೇಳುವಷ್ಟರಲ್ಲಿ
ವಸಡಿಗೆ ಸೂಜಿ ಕೊಟ್ಟ ಮೇಲೆ ಮಾತಾಡಿದ ಹಾಗೆ,
ತುಟಿ ಯಾರದೋ.

ವೆಂಡೆಲ್ ಮಾತ್ರ ಫೋನು ಮಾಡಲಿಲ್ಲ.
ಆಚೆ ಪಕ್ಷದ ವರದಿ ತೆಗೆಸಿ ನೋಡಿದೆ.
ಆಗಸ್ಟು. ಪ್ರಾಟ್, ವೆಂಡೆಲ್. ನಾನೂರು.
ಅದೇ ವಾರ. ಅಲ್ಲೇನು ಹರಾಜಿಗಿತ್ತೋ.

ಕೊನೆಗೆ ಆರ್ಲೀನ್.
‘ದುಡ್ಡಿನ ಮಾತಲ್ಲ. ನನ್ನ ತಟ್ಟೆ.
ಗಾಜಿನದು. ತಳಕ್ಕೆ ಟೇಪು ಹಚ್ಚಿ ಹೆಸರು ಬರೆದಿದ್ದೆ.
ಪೈ ಕೊಟ್ಟೆ. ತಟ್ಟೆ ಕೊಟ್ಟಿಲ್ಲ.’

ನಮೂನೆ ತಿರುವಿ ಹಾಕಿದೆ. ತಟ್ಟೆಗೆ ಅಂಕಣವಿಲ್ಲ.

ಕೋಟು ತೊಟ್ಟು ಹಿಮದಲ್ಲಿ ನಡೆದೆ.
ತಾಮ್ರದ ಗುಮ್ಮಟದ ಕೆಳಗೆ ಕ್ಲೈಡನ ಹೊಸ ಕೋಣೆ,
ಕಿಟಕಿ ಇರುವಂಥದ್ದು.
ತಟ್ಟೆ ಮೇಜಿನ ಮೇಲೇ ಇತ್ತು:
ಅದರಲ್ಲಿ ಕ್ಲಿಪ್ಪು, ಪೆಪ್ಪರಮಿಂಟು, ಪಿಕಪ್ಪಿನ ಕೀಲಿ.
ಅವನೇ ಸುರಿದು ಖಾಲಿ ಮಾಡಿದ,
ಅಂಗಿಯ ತೋಳಲ್ಲಿ ಒರೆಸಿದ, ಎರಡು ಸಲ,
ಮುಖ ನೋಡದೆ ಕೇಳಿದ: ‘ರಸೀದಿ ಬೇಕಾ?’

ಬೇಕು, ಅಂದೆ.